ಬೋರ್ಡ್ ಹ್ಯಾಂಗ್ ಆಗಿಲ್ಲ, ಆದ್ರ ಲಾಕ್‌ಡೆಪ್ ವಾರ್ನಿಂಗ್ ಬರಾಕತ್ತೈತಿ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ಕಾರ ಸರ್ರ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದ್ ಸಣ್ಣ ಕಂಪನಿಯೊಳಗ ಪಂಪ್‌ಸೆಟ್ ಕಂಟ್ರೋಲರ್ ಬೋರ್ಡಿಗೆ ಲಿನಕ್ಸ್ ಡ್ರೈವರ್ ಬರಿಯಾಕತ್ತೇನ್ರಿ, ನಾಕು ಕೋರಿನ ಚಿಪ್ಪು. ಇಂಟರಪ್ಟ್ (ಸಿಪಿಯು ಮಾಡೂ ಕೆಲಸ ನಿಲ್ಲಿಸಿ ಕರಿಯೂ ಹಾರ್ಡ್‌ವೇರ್ ಸಿಗ್ನಲ್) ಬಂದಾಗ ಹ್ಯಾಂಡ್ಲರ್ ಬಫರಿಗೆ ರೀಡಿಂಗ್ ತುಂಬತೈತಿ, ಆಪ್ ರೀಡ್ ಕೇಳಿದಾಗ ಅದ ಬಫರಿಂದ ಕೊಡ್ತೀನಿ, ಎರಡೂ ಕಡೆ ಒಂದ ಲಾಕು, ಸಾದಾ ಸ್ಪಿನ್_ಲಾಕ್ (ಸಿಗೂತನಾ ಸಿಪಿಯು ಸುತ್ತಕೋತ ಕಾಯೂ ಲಾಕು). ಪ್ರೂವ್ ಲಾಕಿಂಗ್ (ಕರ್ನಲಿನ್ಯಾಗ ಲಾಕ್ ತಪ್ಪು ಹುಡುಕೂ ಲಾಕ್‌ಡೆಪ್ ಚಾಲೂ ಮಾಡೂ ಸೆಟ್ಟಿಂಗು) ಆನ್ ಮಾಡಿದ್ರ "ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್" ಅಂತ ಉದ್ದಕ ಬರ್ತೈತಿ, ಆದ್ರ ಬೋರ್ಡ್ ಒಂದ್ ಸಲನೂ ಹ್ಯಾಂಗ್ ಆಗಿಲ್ಲ. ಒಬ್ರು ಬಿಟ್ ಬಿಡು ಅಂತಾರ, ಇನ್ನೊಬ್ರು ಹ್ಯಾಂಡ್ಲರಿನ್ಯಾಗ ಸ್ಪಿನ್_ಟ್ರೈಲಾಕ್ (ಲಾಕ್ ಸಿಗದಿದ್ರ ಕಾಯದ ಮುಂದ ಹೋಗೂದು) ಹಾಕು ಅಂತಾರ. ಯಾವ್ದು ಬರೋಬರಿ ರೀ?

ಉತ್ತರ: ಎರಡೂ ಬ್ಯಾಡ್ರಿ. ಹ್ಯಾಂಗ್ ಆಗೂತನಾ ಲಾಕ್‌ಡೆಪ್ ಕಾಯೂದಿಲ್ಲ. ಈ ಲಾಕ್ ಒಮ್ಮೆ ಇಂಟರಪ್ಟ್ ಆನ್ ಇದ್ದಾಗ ಹಿಡದಾರ, ಒಮ್ಮೆ ಇಂಟರಪ್ಟ್ ಒಳಗನೂ ಹಿಡದಾರ, ಇಷ್ಟ ಕಂಡ್ರ ಸಾಕು ಅದಕ್ಕ, ಎರಡೂ ಒಂದ ಟೈಮಿಗೆ ಆಗಿರಬೇಕಂತಿಲ್ಲ. 2006ರಾಗ 2.6.18 ಕರ್ನಲಿಗೆ ಅದನ್ನ ಸೇರಿಸಿದ್ದ ಇಂಥಾವನ್ನ ಮೊದ್ಲ ಹಿಡೀಲಿ ಅಂತ. ನಿಮ್ಮ ಕೇಸ್ ನೋಡ್ರಿ: ರೀಡ್ ಲಾಕ್ ಹಿಡದೈತಿ, ಅದ ಸಿಪಿಯುಗೆ ಇಂಟರಪ್ಟ್ ಬಂತು, ಹ್ಯಾಂಡ್ಲರ್ ಅದ ಲಾಕಿಗೆ ಸುತ್ತಕೋತ ನಿಂತ್ತು, ಲಾಕ್ ಬಿಡಬೇಕಾದ ರೀಡ್ ಕೆಳಗ ಸಿಕ್ಕೊಂಡೈತಿ, ಹ್ಯಾಂಡ್ಲರ್ ಮುಗಿಯೂತನಾ ಅದು ಮುಂದಕ್ಕ ಹೋಗೂದಿಲ್ಲ. ಮುಗೀತು ಅಲ್ಲಿಗೆ. ಟೇಬಲ್ ಮ್ಯಾಲೆ ಇಂಟರಪ್ಟ್ ಕಡಿಮಿ, ಅದಕ್ಕ ಕಂಡಿಲ್ಲ, ರೈತರ ಹೊಲದಾಗ ದಿನಾ ಓಡೂ ಬೋರ್ಡ್ ರೀ ಅದು, ಅಲ್ಲಿ ನಿಂತ್ರ ಹೋಗಿ ರೀಸೆಟ್ ಒತ್ತೋರ್ ಯಾರು?

ಟ್ರೈಲಾಕ್ ಹಾಕಿದ್ರ ವಾರ್ನಿಂಗ್ ಸುಮ್ಮನಾಗ್ತೈತಿ, ಆದ್ರ ಲಾಕ್ ಸಿಗದಾಗೆಲ್ಲಾ ರೀಡಿಂಗ್ ಕೈ ತಪ್ಪತೈತಿ. ರಿಪೇರಿ ಮಾಡೂದು ರೀಡ್ ಕಡೆ: ಅಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ (ಲಾಕ್ ಹಿಡದಿರೂತನಾ ಆ ಸಿಪಿಯುದಾಗ ಇಂಟರಪ್ಟ್ ಬಂದ್ ಇಡತೈತಿ), ಬಿಡೂವಾಗ ಸ್ಪಿನ್_ಅನ್‌ಲಾಕ್_ಐಆರ್‌ಕ್ಯೂರಿಸ್ಟೋರ್. ಈ ಲಾಕನ್ನ ಬ್ಯಾರೆ ಯಾವ ಇಂಟರಪ್ಟೂ ಮುಟ್ಟೂದಿಲ್ಲಂದ್ರ ಹ್ಯಾಂಡ್ಲರಿನ್ಯಾಗ ಸಾದಾ ಸ್ಪಿನ್_ಲಾಕ್ ಇರಲಿ. ಡೀಬಗ್ ಅಟಾಮಿಕ್ ಸ್ಲೀಪನ್ನೂ (ನಿದ್ದಿ ಹೋಗಬಾರದ ಕಡೆ ನಿದ್ದಿ ಹೋದ್ರ ಹಿಡಿಯೂ ಸೆಟ್ಟಿಂಗು) ಆನ್ ಮಾಡ್ಕೊಂಡ್ ನೋಡ್ರಿ.

ಪ್ರಶ್ನೆ: ಮಾಡಿದೆ ಸರ್ರ, ಅದು ಹೋತು. ಈಗ "ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್" ಅಂತ ಬಂತು, ಕಾಪಿ_ಟು_ಯೂಸರ್ (ಕರ್ನಲಿಂದ ಆಪಿಗೆ ಡೇಟಾ ಕೊಡೂ ಫಂಕ್ಷನ್) ಲೈನ್ ತೋರಿಸ್ತೈತಿ.

ಉತ್ತರ: ಅದನ್ನ ಲಾಕ್ ಒಳಗ ಇಟ್ಟೀರಿ ಹಂಗಾರ. ಆಪಿನ ಪೇಜ್ ಮೆಮರಿಯೊಳಗ ಇರಲಿಲ್ಲಂದ್ರ ಕಾಪಿ_ಟು_ಯೂಸರ್ ನಿದ್ದಿ ಹೋಗಬಹುದು, ಸ್ಪಿನ್‌ಲಾಕ್ ಹಿಡಕೊಂಡ್ ನಿದ್ದಿ ಮಾಡಂಗಿಲ್ಲ. ಒಂದ್ ರೀಡಿಂಗ್ 64 ಬೈಟ್ ಇದ್ರ ಅಷ್ಟ ದೊಡ್ಡದೊಂದು ಲೋಕಲ್ ಅರೇ ಇಟ್ಕೊಳ್ರಿ, ಲಾಕ್ ಹಿಡದು ಅದಕ್ಕ ಮೆಮ್‌ಕಾಪಿ, ಲಾಕ್ ಬಿಡ್ರಿ, ಆಮ್ಯಾಲೆ ಅರೇದಿಂದ ಆಪಿಗೆ. ಜಿಎಫ್‌ಪಿ_ಕರ್ನಲ್ ಹಾಕಿದ ಕೆಎಂಅಲಾಕ್ (ಮೆಮರಿ ಕೇಳೂ ಫಂಕ್ಷನ್, ಅದೂ ನಿದ್ದಿ ಹೋಗಬಹುದು) ಇದ್ರ ಅದನ್ನೂ ಲಾಕಿಂದ ಹೊರಗ ತಗೀರಿ.

ಇನ್ನೊಂದು, ಲಾಕ್‌ಡೆಪ್ ಮೊದಲನೇ ರಿಪೋರ್ಟ್ ಕೊಟ್ಟ ಮ್ಯಾಲೆ ತಾನ ಬಂದ್ ಆಗ್ತೈತಿ, ಹಿಂದ ಎರಡನೇದೊಂದು ಇದ್ರ ತೋರಿಸೂದಿಲ್ಲ. ಪ್ರತಿ ರಿಪೇರಿ ಆದ ಮ್ಯಾಲೆ ರೀಬೂಟ್ ಮಾಡಿ, ಆಪ್ ಓಡಿಸಿ, ಡ್ರೈವರ್ ತಗದು ಹಾಕಿ, ಎಲ್ಲಾ ದಾರಿ ಒಮ್ಮೆ ಓಡಿಸಿ ಲಾಗ್ ನೋಡ್ರಿ. ಮತ್ತೇನರ ಬಂದ್ರ ಪೂರಾ ಲಾಗ್ ಇಲ್ಲೇ ಹಾಕ್ರಿ, ಮೊದಲನೇ ಸಾಲಷ್ಟ ಕಳಿಸಬ್ಯಾಡ್ರಿ, ಯಾವ ದಾರಿಲೆ ಲಾಕ್ ಹಿಡದೈತಿ ಅನ್ನೂದು ಕೆಳಗಿನ ಸ್ಟಾಕ್‌ನ್ಯಾಗ ಇರ್ತೈತಿ.