ಬಿಡಿಭಾಗದ ಕಿಟ್ ತರಿಸಿ ಚೈನ್ ಸಾ ಕಟ್ಟಬಹುದಾ? ಕಟ್ಟಿದವರು ಹೇಳಿದ್ದು

ಕೇಳಿದವರು, ಮೂಡಿಗೆರೆ ಕಡೆಯ ತೋಟದವರು:
ಮಳೆಗಾಲದಲ್ಲಿ ಬಿದ್ದ ಮರಗಳನ್ನು ತೋಟದಲ್ಲೇ ಹಲಗೆ ಸೀಳಿಸುವ ಯೋಚನೆ ಇದೆ. ಸ್ಟಿಲ್ ಕಂಪನಿಯ ಎಂಎಸ್ 660 ಚೈನ್ ಸಾದ ಅಚ್ಚಿನಲ್ಲೇ ಮಾಡಿದ ಚೀನಾ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಲ್ಲ ಬಿಡಿ ಬಿಡಿ ಬರುತ್ತದೆ, ನಾವೇ ಜೋಡಿಸಬೇಕು. ಹಳೇ ಟೂ-ಸ್ಟ್ರೋಕ್ ಬೈಕ್ ಇಂಜಿನ್ ಬಿಚ್ಚಿ ಕಟ್ಟಿದ ಅಭ್ಯಾಸ ಇದೆ. ಕೈ ಹಾಕಬಹುದಾ? ಅನುಭವ ಇದ್ದವರು ಹೇಳಿ.

ಸಕಲೇಶಪುರದಿಂದ ಒಬ್ಬರು:
ಧಾರಾಳವಾಗಿ ಕೈ ಹಾಕಿ ಸಾರ್. ಬೈಕ್ ಇಂಜಿನ್ ಕಟ್ಟಿದವರಿಗೆ ಇದು ಕಷ್ಟ ಅಲ್ಲ. ನಾನು ಕಟ್ಟಿದ್ದು ಇದೇ ಮಾದರಿ, ಈಗಲೂ ಓಡುತ್ತಿದೆ. 54 ಮಿ.ಮೀ. ಬೋರ್, 40 ಮಿ.ಮೀ. ಸ್ಟ್ರೋಕ್, ಹತ್ತಿರ ಹತ್ತಿರ 92 ಸಿಸಿ. ಆದರೆ ಕಿಟ್‌ನಲ್ಲಿ ಬಂದದ್ದೆಲ್ಲ ಹಾಗೇ ಹಾಕಿಬಿಟ್ಟರೆ ಆಗುವುದಿಲ್ಲ. ದೊಡ್ಡ ಭಾಗಗಳು ಪರವಾಗಿಲ್ಲ. ಕೈಕೊಡುವುದು ಸಣ್ಣ ಸಾಮಾನು. ಸೀಲ್, ಪಿಸ್ಟನ್ ಪಿನ್ನಿನ ಲಾಕ್, ಪೆಟ್ರೋಲ್ ಪೈಪ್, ಬೇರಿಂಗ್. ಇವನ್ನು ಬೇರೆ ಒಳ್ಳೆಯದು ತರಿಸಿಕೊಳ್ಳಿ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ), ಚೈನ್ ಬೇರೆ ಕೊಳ್ಳಬೇಕು.

ಕಿಟ್ ಜೊತೆ ಪುಸ್ತಕ ಬರುವುದಿಲ್ಲ, ಬರೀ ಪ್ಲಾಸ್ಟಿಕ್ ಕವರುಗಳು. 660ರ ಸರ್ವಿಸ್ ಮ್ಯಾನುಯಲ್ ಮತ್ತು ಪಾರ್ಟ್ಸ್ ಚಿತ್ರ ಮೊದಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಒಂದೊಂದು ಸ್ಕ್ರೂನೂ ಚಿತ್ರದ ಮೇಲೆ ಇಟ್ಟು ನೋಡಿದರೆ ಯಾವುದು ಬಂದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಕ್ರ್ಯಾಂಕ್ ಕೂರಿಸುವಾಗ ಸುತ್ತಿಗೆ ಹತ್ತಿರವೂ ಇಟ್ಟುಕೊಳ್ಳಬೇಡಿ. ಹೊಡೆದರೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ, ಆಮೇಲೆ ಮಿಷನ್ ಕೈ ನಡುಗಿಸುತ್ತದೆ. ಬೇರಿಂಗ್, ಕ್ರ್ಯಾಂಕ್ ಎರಡನ್ನೂ ರಾತ್ರಿ ಫ್ರೀಜರ್‌ನಲ್ಲಿಡಿ. ಕ್ರ್ಯಾಂಕ್ ಕೂರುವ ಇಂಜಿನ್ ಕೇಸನ್ನು ಓವನ್‌ನಲ್ಲಿ 150 ಡಿಗ್ರಿ ಹತ್ತಿರ ಬಿಸಿ ಮಾಡಿ. (ಕೇಕ್ ಮಾಡುವ ಓವನ್ ಆದರೆ ಮನೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.) ಬೇರಿಂಗ್ ತಾನಾಗೇ ಟಪ್ ಅಂತ ಕೂರುತ್ತದೆ. ಸೀಲ್ ಮಾತ್ರ ಕೊನೆಗೆ, ಎಲ್ಲ ತಣ್ಣಗಾದ ಮೇಲೆ.

ಸಿಲಿಂಡರ್ ಒಳಗೆ ಬೆರಳು ಹಾಕಿ ನೋಡಿ. ಪೋರ್ಟಿನ (ಗೋಡೆಯಲ್ಲಿರುವ ಕಿಂಡಿಯ) ಅಂಚಿಗೆ ಉಗುರು ತಾಗಿಸಿ ಎಳೆದರೆ ಕಚ್ಚಿ ಹಿಡಿಯುತ್ತಾ? ಹಿಡಿದರೆ ಓಡುವಾಗ ಪಿಸ್ಟನ್ ರಿಂಗ್ ಕೂಡ ಅಲ್ಲೇ ಸಿಕ್ಕಿಕೊಂಡು ಮುರಿಯುತ್ತದೆ. ಸಣ್ಣ ಕಲ್ಲಿನಿಂದಲೋ ನಯವಾದ ಎಮರಿ ಪೇಪರಿನಿಂದಲೋ ಆ ಅಂಚನ್ನಷ್ಟೇ ಮೆಲ್ಲಗೆ ಉಜ್ಜಿ. ಗೋಡೆಯ ಲೇಪ ಮುಟ್ಟಬೇಡಿ. ಆಮೇಲೆ ಸೋಪು ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು. ಲಾಕಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ.

ಇನ್ನೊಂದು, ಸ್ಕ್ವಿಶ್. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಸಿಲಿಂಡರ್ ತಲೆಗೂ ಉಳಿಯುವ ಸಂದು. ಪ್ಲಗ್ ತೂತಿನಿಂದ ಸೋಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆಗೆ ಮುಟ್ಟುವಷ್ಟು ಒಳಗೆ ಬಿಡಿ. ಕೈಯಲ್ಲಿ ಫ್ಲೈವೀಲ್ ತಿರುಗಿಸಿ. ಚಪ್ಪಟೆಯಾದ ತುದಿಯನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅರ್ಧ ಮಿ.ಮೀ.ಗಿಂತ ಕಮ್ಮಿ ಇರಬಾರದು. ಜಾಸ್ತಿ ಪವರ್ ಆಸೆಗೆ ಸಿಲಿಂಡರ್ ಅಡಿಯ ಗ್ಯಾಸ್ಕೆಟ್ ತೆಗೆಯುವವರು ಇದ್ದಾರೆ. ಅಳೆಯದೆ ಆ ಕೆಲಸಕ್ಕೆ ಹೋಗಬೇಡಿ.

ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್:
ಮೇಲಿನವರು ಹೇಳಿದ್ದೆಲ್ಲ ಸರಿ. ಮುಖ್ಯವಾದ್ದು ಬಿಟ್ಟುಹೋಯಿತು. ನನ್ನ ಹತ್ತಿರ ಜಾಮ್ ಆಗಿ ಬರುವ ಕಿಟ್ ಮಿಷನ್‌ಗಳಲ್ಲಿ ಹೆಚ್ಚಿನವು ಗಾಳಿ ಎಳೆದು ಕೆಟ್ಟವು. ಎಲ್ಲೋ ಸೀಲ್ ಸರಿಯಿಲ್ಲ, ಇಲ್ಲ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಸರಿಯಾಗಿ ಕೂತಿಲ್ಲ. ಒಳಗೆ ಗಾಳಿ ಜಾಸ್ತಿ ಹೋಗಿ ಪೆಟ್ರೋಲ್, ಎಣ್ಣೆ ಎರಡೂ ಕಮ್ಮಿಯಾಗುತ್ತದೆ. ಬಿಸಿಯಾಗುತ್ತದೆ, ಪಿಸ್ಟನ್ ಗೀರು ಬೀಳುತ್ತದೆ. ಹೊಸ ಪಿಸ್ಟನ್ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೆ ಹೋದದ್ದೂ ಇದೆ.

ಸ್ಟಾರ್ಟ್ ಮಾಡುವ ಮೊದಲೇ ಪರೀಕ್ಷೆ ಮಾಡಿ. ಸೈಲೆನ್ಸರ್ ಬಿಚ್ಚಿ, ಅದರ ಹಿಂದೆ ಟ್ಯೂಬ್ ರಬ್ಬರ್ ತುಂಡು ಇಟ್ಟು ಬಿಗಿಯಿರಿ. ಕಾರ್ಬೊರೇಟರ್ ಕಡೆಯನ್ನೂ ಹಾಗೇ ಮುಚ್ಚಿ. ಪ್ಲಗ್ ಬಿಗಿಯಾಗಿರಲಿ. ಇಂಪಲ್ಸ್ ಪೈಪಿಗೆ (ಇಂಜಿನ್ನಿನಿಂದ ಕಾರ್ಬೊರೇಟರ್‌ಗೆ ಹೋಗುವ ಸಣ್ಣ ಪೈಪ್) ಕೈಪಂಪ್ ಸಿಕ್ಕಿಸಿ 0.5 ಬಾರ್ ಒತ್ತಡಕ್ಕೆ ಗಾಳಿ ತುಂಬಿ. ಕಾರಿನ ಬ್ರೇಕ್ ಬ್ಲೀಡ್ ಮಾಡುವ ಪಂಪ್ ಬರುತ್ತದಲ್ಲ, ಒತ್ತುವುದು, ಎಳೆಯುವುದು ಎರಡೂ ಮಾಡುವಂಥದ್ದು, ಅದೇ ಸಾಕು. ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಆಮೇಲೆ ಅಷ್ಟೇ ವ್ಯಾಕ್ಯೂಮ್ ಕೊಡಿ. ಇದನ್ನು ಬಿಡಬೇಡಿ. ಒಳಗಿಂದ ಒತ್ತಿದಾಗ ಹಿಡಿದುಕೊಳ್ಳುವ ಸೀಲ್ ಕೆಲವೊಮ್ಮೆ ಎಳೆದಾಗ ಬಿಡುತ್ತದೆ. ಕ್ರ್ಯಾಂಕ್ ಮೆಲ್ಲಗೆ ತಿರುಗಿಸುತ್ತಾ ಪಂಪಿನ ಮೀಟರ್ ಮುಳ್ಳು ನೋಡಿ. ಇಳಿಯುತ್ತಿದ್ದರೆ ಮತ್ತೆ ಬಿಚ್ಚಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ ಒಬ್ಬರು:
ಇಲ್ಲಿ ಸೌದೆ ಕಡಿಯುವವರು ಹವ್ಯಾಸಕ್ಕೂ ಇಂಥ ಕಿಟ್ ಕಟ್ಟುತ್ತಾರೆ. ನಾನು ಇಟಲಿಯ ಕೇಬರ್ ಕಂಪನಿಯ ಪಿಸ್ಟನ್ ರಿಂಗ್ ಹಾಕಿದೆ, ಲಾಕ್‌ಗಳು ಒರಿಜಿನಲ್. ಕ್ಲಚ್ಚಿಗೆ ಎಡ ಥ್ರೆಡ್ ಅನ್ನುವುದು ನೆನಪಿರಲಿ. ಅದನ್ನು ಬಿಗಿಯುವಾಗ ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ಹಗ್ಗ ಇಳಿಸಿ, ಕಬ್ಬಿಣ ಬೇಡ. ಕೇಸ್ ಮೆಗ್ನೀಸಿಯಂ, ಸ್ಕ್ರೂ ಜಾಸ್ತಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ. ಕಿಡಿ ಕೊಡುವ ಕಾಯಿಲ್ ಮತ್ತು ಫ್ಲೈವೀಲ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಕೂರಿಸಿದರೆ ಗ್ಯಾಪ್ ಸರಿ ಬರುತ್ತದೆ.

ಕೊಪ್ಪದಿಂದ ಒಬ್ಬರು:
ನಾನು ಬೇಡ ಅನ್ನುವವನು. ಬಾರ್ ಇಲ್ಲದೆಯೇ ಈ ಮಿಷನ್ 7 ಕೆಜಿ ಮೀರುತ್ತದೆ. ಮರಗಸಿಗೆ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದಕ್ಕೆ) ಮೇಲೆ ಹತ್ತಿ ಹಿಡಿಯುವ ಮಾತೇ ಇಲ್ಲ. ದಿನಾ ಕೆಲಸ ಇರುವವರಿಗೆ ಸೆಕೆಂಡ್ ಹ್ಯಾಂಡ್ ಒರಿಜಿನಲ್ಲೇ ವಾಸಿ, ಪಾರ್ಟ್ ಬೇಕಾದರೆ ಪೇಟೆಯಲ್ಲೇ ಸಿಗುತ್ತದೆ. ಹಲಗೆ ಸೀಳುವುದಕ್ಕೆ ಮಾತ್ರ ಅಂದರೆ ಸರಿ, ನೆಲದ ಮೇಲೇ ಇರುತ್ತದೆ. ಆದರೆ ಅಡ್ಡ ಕೊಯ್ಲಿನ ಹಾಗೆ ಅರೆಗಳಿಗೆಯ ಕೆಲಸ ಅಲ್ಲ ಅದು. ಒಂದು ಹಲಗೆ ಮುಗಿಯುವವರೆಗೂ ಫುಲ್ ರೇಸ್. ಮಾಮೂಲಿ ಚೈನ್ ಬೇಡ, 10 ಡಿಗ್ರಿ ಮಸೆದ ಸೀಳುವ ಚೈನ್ ಹಾಕಿ. ಬಾರ್ ಎಣ್ಣೆ ಸರಿಯಾಗಿ ಬರುತ್ತಿದೆಯಾ ಅಂತ ಪ್ರತಿ ಸಲ ನೋಡಿ. ಬಾರಿನ ತುದಿಯನ್ನು ರಟ್ಟಿನ ಮುಂದೆ ಹಿಡಿದು ರೇಸ್ ಮಾಡಿದರೆ ಎಣ್ಣೆಯ ಗೆರೆ ಬೀಳಬೇಕು.

ಕೇಳಿದವರು:
ತುಂಬಾ ಉಪಕಾರ ಆಯಿತು. ಮರಗಸಿಗೆ ಬೇರೆ ಸಣ್ಣ ಮಿಷನ್ ಇದೆ. ಎಣ್ಣೆ ಎಷ್ಟು ಸೇರಿಸಬೇಕು? ಮೊದಲ ಸ್ಟಾರ್ಟ್ ಆದ ಮೇಲೆ ಟ್ಯೂನಿಂಗ್ ಹೇಗೆ?

ತೀರ್ಥಹಳ್ಳಿಯ ಮೆಕ್ಯಾನಿಕ್:
ಸೀಳುವ ಕೆಲಸಕ್ಕೆ ಲೀಟರಿಗೆ 30 ಎಂಎಲ್ ಒಳ್ಳೆಯ ಟೂ-ಟಿ ಎಣ್ಣೆ ಹಾಕಿ. ಒರಿಜಿನಲ್ ಕಂಪನಿಯವರು ತಮ್ಮ ಎಣ್ಣೆಗೆ 20 ಎಂಎಲ್ ಅನ್ನುತ್ತಾರೆ. ಕಿಟ್ ಇಂಜಿನ್ನಿಗೆ ನಾನು ಅಷ್ಟು ಕಮ್ಮಿ ಹಾಕುವುದಿಲ್ಲ. ಈಗ ಬಂಕ್‌ಗಳಲ್ಲಿ ಕೊಡುತ್ತಿರುವುದು ಇ20 ಪೆಟ್ರೋಲ್, ನೂರಕ್ಕೆ 20 ಪಾಲು ಎಥನಾಲ್. ಅದರಲ್ಲಿ ಮಿಷನ್ ಸ್ವಲ್ಪ ಲೀನ್ ಆಗೇ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದ ಹಾಗೆ ಓಡುತ್ತದೆ. ಹಾಗಾಗಿ ನೀವು ಯಾವ ಪೆಟ್ರೋಲ್ ಹಾಕುತ್ತೀರೋ ಅದರಲ್ಲೇ ಟ್ಯೂನ್ ಮಾಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಓಡಿಸಿಯೇ ನಿಲ್ಲಿಸಿ. ಎಥನಾಲ್ ನೀರು ಎಳೆಯುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಿಟ್‌ನ ಪೈಪೂ ಅದರಲ್ಲಿ ಮೆತ್ತಗಾಗುತ್ತದೆ.

ಕಾರ್ಬೊರೇಟರ್‌ನ ಎಚ್ ಸ್ಕ್ರೂ (ಫುಲ್ ರೇಸ್‌ನಲ್ಲಿ ಪೆಟ್ರೋಲ್ ಎಷ್ಟು ಅಂತ ನಿಗದಿ ಮಾಡುವುದು) ಪೂರ್ತಿ ಒಳಗೆ ಮೆಲ್ಲಗೆ ಕೂರಿಸಿ, ಸುಮಾರು ಒಂದು ಸುತ್ತು ಹೊರಗೆ ಬಿಟ್ಟು ಶುರು ಮಾಡಿ. ಫುಲ್ ರೇಸ್‌ನಲ್ಲಿ, ಮರಕ್ಕೆ ತಾಗಿಸದೆ ಇರುವಾಗ, ಶಬ್ದ ಸ್ವಲ್ಪ ಒಡೆದ ಹಾಗೆ ಬರ್‌ಬರ್ ಅನ್ನಬೇಕು. ಮರಕ್ಕೆ ಹಾಕಿದ ತಕ್ಷಣ ಅದು ಹೋಗಿ ಒಂದೇ ದನಿಯಾಗಬೇಕು. ಮರದ ಹೊರಗೂ ಕಿವಿ ಚುಚ್ಚುವ ಹಾಗೆ ಕಿರುಚಿದರೆ ಲೀನ್, ಕೂಡಲೇ ನಿಲ್ಲಿಸಿ. ಮೊದಲ ಕೆಲವು ಟ್ಯಾಂಕ್ ಸಣ್ಣ ದಿಮ್ಮಿ ಅಡ್ಡ ಕೊಯ್ಯಿರಿ. ಸೀಳುವುದು ಆಮೇಲೆ.

ಸಕಲೇಶಪುರದವರು:
ಚೈನ್ ಬ್ರೇಕ್ ಮರೆಯಬೇಡಿ ಸಾರ್. ಕಿಟ್‌ನಲ್ಲಿ ಅದರ ಸ್ಪ್ರಿಂಗ್ ಕೂರಿಸುವುದೇ ದೊಡ್ಡ ರಗಳೆ, ಕನ್ನಡಕ ಹಾಕಿಕೊಂಡೇ ಮಾಡಿ. ಕೂರಿಸಿದ ಮೇಲೆ ಮಿಷನ್ ನೆಲದ ಮೇಲಿಟ್ಟು, ಗಟ್ಟಿಯಾಗಿ ಹಿಡಿದು, ರೇಸ್ ಕೊಟ್ಟು, ಮಣಿಕಟ್ಟಿನಿಂದ ಬ್ರೇಕ್ ಮುಂದಕ್ಕೆ ತಳ್ಳಿ. ಚೈನ್ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಮರದ ಹತ್ತಿರ ಒಯ್ಯಬೇಡಿ. ಕಿಟ್ ಬಂದ ಮೇಲೆ ಸಿಲಿಂಡರ್ ಒಳಗಿನ ಫೋಟೋ ಹಾಕಿ, ಪೋರ್ಟ್ ಹೇಗಿದೆ ನೋಡೋಣ.