ಸ್ವಾಹಿಲಿ ಉಪಭಾಷೆಗಳ ವ್ಯಾಕರಣ ಹೋಲಿಸುವಾಗ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಜಾಂಜಿಬಾರ್ ಪಟ್ಟಣದ ಕಿಉಂಗುಜಾ, ಮೊಂಬಾಸಾದ ಕಿಮ್ವಿತಾ, ಸೊಮಾಲಿಯಾದ ಬರಾವಾದಲ್ಲಿನ ಚಿಮ್ವೀನಿ, ಕಾಂಗೋದ ಲುಬುಂಬಾಶಿ ಸ್ವಾಹಿಲಿ. ಈ ನಾಲ್ಕನ್ನು ಹೋಲಿಸಬೇಕು. ಪದಪಟ್ಟಿ ಸಿದ್ಧವಿದೆ, ಆದರೆ ಅದರಲ್ಲಿ ವ್ಯಾಕರಣವೇ ಸಿಗುತ್ತಿಲ್ಲ.

ಉತ್ತರ 1: ಸಿಗುವುದೂ ಇಲ್ಲ. ಕಣ್ಣುಗಳಿಗೆ ಜಾಂಜಿಬಾರಿನಲ್ಲಿ 'ಮಾಚೊ', ಮೊಂಬಾಸಾದಲ್ಲಿ 'ಮಾತೊ'. ಇದು ಬರೀ ಧ್ವನಿಯ ವ್ಯತ್ಯಾಸ, ಪಕ್ಕಕ್ಕಿಡಿ. ಕ್ರಿಯಾಪದ ಹಿಡಿಯಿರಿ. ಕನ್ನಡದಲ್ಲಿ 'ಓದಿದೆನು' ಎಂದು ಕೊನೆಗೆ ಬರುವ ಕರ್ತೃಸೂಚಕ ಇಲ್ಲಿ ಮೊದಲಿಗೇ ಬರುತ್ತದೆ: 'ಅ-ಲಿ-ಕಿ-ಸೋಮ' (ಅವನು ಅದನ್ನು ಓದಿದ), ಅಂದರೆ ಕರ್ತೃ, ಕಾಲ, ಕರ್ಮ, ಧಾತು. ಒಂದೊಂದಕ್ಕೂ ಒಂದು ಕಾಲಂ ಹಾಕಿ. ಎರಡು ಧಾತು ಸಾಕು: 'ಸೋಮ' (ಓದು), 'ಲ' (ತಿನ್ನು). 6 ಪುರುಷರೂಪ, 4 ಕಾಲ, ಪ್ರತಿಯೊಂದರಲ್ಲೂ ನಿಷೇಧವಿಲ್ಲದ್ದೊಂದು, ನಿಷೇಧದ್ದೊಂದು: ಧಾತುವಿಗೆ 48 ರೂಪ.

'ಲ' ಬಿಡಲೇಬೇಡಿ. ಶಿಷ್ಟ ಸ್ವಾಹಿಲಿಯಲ್ಲಿ 'ಅನಕುಲ' (ತಿನ್ನುತ್ತಾನೆ), ಆದರೆ 'ಹಲಿ' (ತಿನ್ನುವುದಿಲ್ಲ). ಒತ್ತು ಉಪಾಂತ್ಯಾಕ್ಷರದ (ಕೊನೆಯಿಂದ ಎರಡನೆಯದರ) ಮೇಲೆ ಬೀಳಬೇಕು, ಕಾಲಸೂಚಕ 'ನ' ಅದನ್ನು ಹೊರಲಾರದು. ಅದಕ್ಕೇ 'ಕುಲ' (ತಿನ್ನುವುದು) ಎಂಬ ರೂಪದ 'ಕು' ಉಳಿಯುತ್ತದೆ. 'ಹಕುಲ' (ತಿನ್ನಲಿಲ್ಲ) ಎಂಬಲ್ಲಿಯ 'ಕು' ಮಾತ್ರ ಬೇರೆಯದೇ, ಅದು ನಿಷೇಧದ ಭೂತಕಾಲ. ಇವೆರಡನ್ನೂ ಒಂದೇ ಕಾಲಮ್ಮಿಗೆ ಹಾಕಿದರೆ ಇಡೀ ಕೋಷ್ಟಕ ಕೆಟ್ಟಿತು.

ಉತ್ತರ 2: ರೂಪ ಕೇಳುವ ಬಗೆಯೂ ಮುಖ್ಯ. 1928ರ ಮೊಂಬಾಸಾ ಸಮ್ಮೇಳನದಲ್ಲಿ ಶಿಷ್ಟರೂಪಕ್ಕೆ ಕಿಉಂಗುಜಾವನ್ನೇ ಆಧಾರವಾಗಿ ಆರಿಸಿಕೊಂಡರು. ಶಿಷ್ಟ ಸ್ವಾಹಿಲಿಯಲ್ಲಿ 'ಇದನ್ನು ನೀವು ಹೇಗೆ ಹೇಳುತ್ತೀರಿ?' ಎಂದರೆ ಶಾಲೆಯಲ್ಲಿ ಕಲಿತದ್ದೇ ವಾಪಸ್ಸು ಬರುತ್ತದೆ. ಚಿತ್ರ ಕೊಟ್ಟು ಊರಿನ ಇಬ್ಬರು ತಮ್ಮತಮ್ಮಲ್ಲೇ ಮಾತಾಡುವಂತೆ ಮಾಡಿ, ಧ್ವನಿಮುದ್ರಿಸಿ. ಕೋಷ್ಟಕದ ಪ್ರಶ್ನೆಗಳು ಆಮೇಲೆ.

ಲುಬುಂಬಾಶಿಗೆ ನಾಮವರ್ಗದ (ಪೂರ್ವಪ್ರತ್ಯಯ ನೋಡಿ ಮಾಡಿದ ನಾಮಪದಗಳ ಗುಂಪು, ಜೊತೆಯ ಪದಗಳೂ ಅದಕ್ಕೆ ಹೊಂದಿಕೊಳ್ಳುತ್ತವೆ) ಪಟ್ಟಿ ಬೇರೆ ಬೇಕು. 'ವಾತು' (ಜನ) ಅಲ್ಲಿ 'ಬಾತು'. 'ಕಿತಾಬು ಚಾಂಗು' (ನನ್ನ ಪುಸ್ತಕ) ಎನ್ನುವಲ್ಲಿ 'ಕಿತಾಬು ಯಾಂಗು'. ಪುಟ್ಟ ಮಗು 'ಕಿತೋತೊ' ಅಲ್ಲ, 'ಕತೋತೊ'. ಇವನ್ನು ತಪ್ಪೆಂದು ತಿದ್ದಬೇಡಿ, ಅದೇ ನಿಮ್ಮ ದತ್ತಾಂಶ. ವಿಶೇಷಣ, ಸ್ವಾಮ್ಯಪದ, ಕ್ರಿಯಾಪದ ಮೂರರಲ್ಲೂ ಹೊಂದಾಣಿಕೆಯನ್ನು ಬೇರೆಬೇರೆಯಾಗಿ ಪರೀಕ್ಷಿಸಿ: ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲಿ ಉಳಿದಿರಬಹುದು.

ಪ್ರಶ್ನೆ ಕೇಳಿದವರು: ಚಿಮ್ವೀನಿಗೂ ಇದೇ ನಾಲ್ಕು ಕಾಲಂ ಸಾಕೆ?

ಉತ್ತರ 1: ಸಾಲದು. ಕ್ರಿಯೆ ಮುಗಿದಿದೆ ಎಂದು ಸೂಚಿಸಲು ಶಿಷ್ಟದಲ್ಲಿ 'ಮೆ' ಧಾತುವಿಗೆ ಮೊದಲು ಬಂದರೆ, ಚಿಮ್ವೀನಿಯಲ್ಲಿ ಹಳೆಯ 'ಇಲೆ' ಪ್ರತ್ಯಯ ಇನ್ನೂ ಧಾತುವಿನ ಕೊನೆಗೇ ಇದೆ. (ಆ 'ಮೆ' ಕೂಡ 'ಮುಗಿಸು' ಎಂಬರ್ಥದ 'ಮಾಲ' ಧಾತುವಿನ 'ಮೆಲೆ' ರೂಪ ಸವೆದು ಉಳಿದದ್ದು.) ಹಾಗಾಗಿ ಅಂತ್ಯಪ್ರತ್ಯಯಕ್ಕೊಂದು ಕಾಲಂ, ಒತ್ತಿಗೊಂದು ಕಾಲಂ ಸೇರಿಸಿ. 'ಜೀಲೆ' ಎಂಬಲ್ಲಿ ಒತ್ತು ಕೊನೆಯಲ್ಲಿದ್ದರೆ 'ನೀನು ತಿಂದೆ', ಉಪಾಂತ್ಯದಲ್ಲಿದ್ದರೆ 'ಅವನು ತಿಂದ'. ಬರೆದುಕೊಂಡ ಟಿಪ್ಪಣಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.