ರೇಷ್ಮೆ ಸೀರೆ, ಹಿತ್ತಾಳೆ ದೀಪಗಳ ಫೋಟೊದಲ್ಲಿ ನಿಜವಾದ ಬಣ್ಣ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ಬಸವನಗುಡಿಯ ನಮ್ಮ ಮನೆಯಿಂದಲೇ ರೇಷ್ಮೆ ಸೀರೆ, ಇಳಕಲ್ ಸೀರೆ ಹಾಗೂ ಹಿತ್ತಾಳೆಯ ದೀಪಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಫೋಟೊಗಳನ್ನು ಹೆಚ್ಚಾಗಿ ರಾತ್ರಿ, ಮನೆಕೆಲಸ ಮುಗಿದ ಮೇಲೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಮೊಬೈಲಿನಿಂದ ತೆಗೆಯುತ್ತೇನೆ. ಮರೂನ್ ಸೀರೆ ಫೋಟೊದಲ್ಲಿ ಕಣ್ಣಿಗೆ ಹೊಡೆಯುವ ಕೆಂಪಾಗಿ ಬರುತ್ತದೆ. ಕಳೆದ ತಿಂಗಳು ಗ್ರಾಹಕರೊಬ್ಬರು, ತಾವು ನೋಡಿದ ಬಣ್ಣ ಇದಲ್ಲವೆಂದು ಸೀರೆಯನ್ನು ಹಿಂದಿರುಗಿಸಿದರು. ದೀಪಗಳನ್ನು ಬಿಳಿ ಹಾಳೆಯ ಮೇಲೆ ಇಟ್ಟರೆ ಹಾಳೆ ಬೂದುಬಣ್ಣಕ್ಕೆ ತಿರುಗಿ, ದೀಪ ಕಪ್ಪಿಡುತ್ತದೆ. ಸಾಲದೆಂಬಂತೆ ನನ್ನ ಕೈ, ಮೊಬೈಲು ಎಲ್ಲವೂ ಅದರಲ್ಲಿ ಕಾಣುತ್ತವೆ. ಒಳ್ಳೆಯ ಕ್ಯಾಮೆರಾ ಕೊಳ್ಳಲೇಬೇಕೆ?

ಉತ್ತರ 1

ಬೇಡ ಮೇಡಂ, ಆ ಹಣವನ್ನು ಸೀರೆಗೇ ಹಾಕಿ. ನಿಮ್ಮ ಮರೂನ್ ಸೀರೆ ತಿಳಿಯಾಗುವುದಕ್ಕೂ ಬಿಳಿ ಹಾಳೆ ಬೂದಾಗುವುದಕ್ಕೂ ಒಂದೇ ಕಾರಣವಿದೆ. ಎದುರಿಗಿರುವುದು ಏನೇ ಆಗಿರಲಿ, ಒಟ್ಟು ಚಿತ್ರವನ್ನು ಮಧ್ಯಮ ಹೊಳಪಿಗೆ ತರಲು ಕ್ಯಾಮೆರಾ ಯತ್ನಿಸುತ್ತದೆ. ಗಾಢ ಬಣ್ಣದ ಸೀರೆ ಚೌಕಟ್ಟು ತುಂಬಿದಾಗ ಅದು ಬೆಳಕನ್ನು ಹೆಚ್ಚಿಸುತ್ತದೆ, ಬಿಳಿ ಹಾಳೆ ತುಂಬಿದಾಗ ತಗ್ಗಿಸುತ್ತದೆ. ಪರದೆಯ ಮೇಲೆ ವಸ್ತುವನ್ನು ಒತ್ತಿದಾಗ ಕಾಣುವ ಸೂರ್ಯನ ಗುರುತನ್ನು ಮರೂನ್ ಸೀರೆಗೆ ಕೊಂಚ ಕೆಳಕ್ಕೆ, ಬಿಳಿ ಹಿನ್ನೆಲೆಗೆ ಕೊಂಚ ಮೇಲಕ್ಕೆ ಎಳೆಯಿರಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧ ಬೆಳಕಿನದು. ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಒಟ್ಟಿಗೆ ಬಿದ್ದರೆ ಸೀರೆಯ ಒಂದು ಮಗ್ಗುಲು ನೀಲಿಗೂ ಇನ್ನೊಂದು ಹಳದಿಗೂ ವಾಲುತ್ತದೆ, ಅದನ್ನು ಯಾವ ಆ್ಯಪ್ ಕೂಡ ಸರಿಯಾಗಿ ತಿದ್ದಲಾರದು. ಆದ್ದರಿಂದ ಕೋಣೆಯ ಬಲ್ಬು, ಟ್ಯೂಬ್‌ಲೈಟ್‌ಗಳನ್ನೆಲ್ಲ ಆರಿಸಿ, ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ತೆಗೆಯಿರಿ. ಉತ್ತರದ ಕಿಟಕಿ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಆದರೆ ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಬೇಸಿಗೆಯಲ್ಲಿ ಆ ಕಿಟಕಿಗೂ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬರುತ್ತದೆ. ಆಗ ತೆಳುವಾದ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿದರೆ ಸಾಕು. ಮಳೆಗಾಲದ ಮೋಡದ ದಿನಗಳಲ್ಲಿ ಅದೂ ಬೇಕಿಲ್ಲ. ಕಿಟಕಿಯ ಎದುರು ಬದಿಯಲ್ಲಿ ಒಂದು ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಗೋಡೆಗೆ ಹಸಿರು ಅಥವಾ ಹಳದಿ ಬಣ್ಣ ಬಳಿದಿದ್ದರೆ ಅದರಿಂದ ದೂರವಿರಿ, ಏಕೆಂದರೆ ಆ ಬಣ್ಣ ಬಟ್ಟೆಯ ಮೇಲೆ ಕೂರುತ್ತದೆ. ಕೊನೆಗೆ ಫೋಟೊವನ್ನೂ ಸೀರೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಅದೇ ಕಿಟಕಿಯ ಬಳಿ ಹೋಲಿಸಿ ನೋಡಿ.

ಉತ್ತರ 2

ದೀಪಗಳ ಬಗ್ಗೆ ಮಾತ್ರ ಹೇಳುತ್ತೇನೆ. ತಿಕ್ಕಿ ಬೆಳಗಿದ ಹಿತ್ತಾಳೆ ಕನ್ನಡಿಯಂತೆಯೇ ಸುತ್ತಲಿನದನ್ನು ತೋರಿಸುವುದರಿಂದ, ಅದರ ಸುತ್ತ ಏನಿರಬೇಕೆಂಬುದನ್ನು ನಾವು ನಿರ್ಧರಿಸಬೇಕಾಗುತ್ತದೆ. ಎರಡು ಪಕ್ಕಕ್ಕೂ ಬಿಳಿ ಚಾರ್ಟ್ ಹಾಳೆ ನಿಲ್ಲಿಸಿ, ಮುಂದೆ ಇನ್ನೊಂದು ಹಾಳೆ ಹಿಡಿದು, ಅದರಲ್ಲಿ ಲೆನ್ಸಿನಷ್ಟೇ ದೊಡ್ಡ ತೂತು ಕೊರೆದು ಅದರ ಮೂಲಕ ತೆಗೆಯಿರಿ. ಎಲ್ಲವೂ ಬಿಳಿಯಾದರೆ ದೀಪದ ಆಕಾರ ಕರಗಿಹೋಗುತ್ತದೆ. ಹಾಗಾಗಿ ಒಂದು ಪಕ್ಕದಲ್ಲಿ ಕಪ್ಪು ಹಾಳೆಯ ಸಣ್ಣ ಪಟ್ಟಿಯನ್ನು ನಿಲ್ಲಿಸಿದರೆ ಕಂಬದ ದುಂಡು ಎದ್ದು ಕಾಣುತ್ತದೆ. ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಜರ್ ಫಿಲ್ಟರ್ ಕೊಳ್ಳಿ ಎಂದು ಯಾರಾದರೂ ಹೇಳಿಯಾರು. ಚನ್ನಪಟ್ಟಣದ ಗೊಂಬೆಗಳ ಅರಗಿನ ಹೊಳಪನ್ನು ಅದು ತಗ್ಗಿಸಬಲ್ಲದು, ಬರಿಯ ಲೋಹದ ಹೊಳಪಿನ ಮೇಲೆ ಅದರ ಆಟ ನಡೆಯುವುದಿಲ್ಲ. ತೀರ ಹತ್ತಿರ ಹೋಗದೆ ಎರಡು ಹೆಜ್ಜೆ ಹಿಂದೆ ಸರಿದು 2 ಎಕ್ಸ್ ಜೂಮ್‌ನಲ್ಲಿ ತೆಗೆದರೆ ದೀಪದ ಬುಡ ಸೊಟ್ಟಗಾಗುವುದೂ ತಪ್ಪುತ್ತದೆ. ಅಂದಹಾಗೆ, ಹಳೆಯ ದೀಪವಾದರೆ ಫೋಟೊಗೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಕಂದು ಛಾಯೆಗೇ ಬೆಲೆ ಕೊಡುವವರಿದ್ದಾರೆ.

ಉತ್ತರ 3

ಸೀರೆಗೆ ಅಚ್ಚ ಬಿಳಿ ಹಿನ್ನೆಲೆ ನನಗೆ ಒಪ್ಪಿಗೆಯಿಲ್ಲ. ತಿಳಿ ಬೂದು ಅಥವಾ ಮರದ ಮೇಜು ಕಣ್ಣಿಗೆ ಹಿತವಾಗಿರುತ್ತದೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣವಿರುವ ರೇಷ್ಮೆಯು ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವುದರಿಂದ, ಅಂಥ ಸೀರೆಗೆ ಒಂದೇ ಫೋಟೊ ಹಾಕಿದರೆ ಅದು ಎಷ್ಟೇ ಚೆನ್ನಾಗಿದ್ದರೂ ಅರ್ಧ ಸತ್ಯವೇ. ಹರಡಿಟ್ಟು ಒಂದು, ನೆರಿಗೆ ಹಿಡಿದು ಒಂದು ತೆಗೆಯಿರಿ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸಿರುತ್ತಾರಲ್ಲವೆ, ಆ ಜಾಗವನ್ನು ಹತ್ತಿರದಿಂದ, ಎಳೆ ಕಾಣುವಂತೆ ತೋರಿಸಿ. ತಿಳಿದವರು ಮೊದಲು ಹುಡುಕುವುದು ಅದನ್ನೇ. ಜರಿಯ ಹಿಂಬದಿಯನ್ನೂ ಮರೆಯಬೇಡಿ. ಎಲ್ಲಾದರೂ ಎಳೆ ಬಿಟ್ಟಿದ್ದರೆ ಅದರದ್ದೂ ಒಂದು ಫೋಟೊ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಪಂಚೆ ಕಟ್ಟಿ ನೋಡಿದೆ, ಮರೂನ್ ಮರೂನಾಗಿಯೇ ಬಂದಿದೆ. ದೀಪಗಳನ್ನು ಅಮೆಜಾನ್‌ನಲ್ಲೂ ಹಾಕಬೇಕೆಂದಿದ್ದೇನೆ. ಅಲ್ಲಿ ಫೋಟೊಗೆ ಬೇರೆ ನಿಯಮಗಳಿವೆಯೆ?

ಉತ್ತರ 4

ಇವೆ. ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿಯಾಗಿರಬೇಕು, ವಸ್ತುವು ಚೌಕಟ್ಟಿನ ಶೇ. 85ರಷ್ಟನ್ನು ತುಂಬಿರಬೇಕು, ಅದರ ಮೇಲೆ ಬರಹ ಇರಬಾರದು. ದೊಡ್ಡದು ಮಾಡಿ ನೋಡುವ ಸೌಲಭ್ಯ ಬೇಕಾದರೆ ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇರಲಿ. ಮೊಬೈಲಿನಿಂದ ಕಂಪ್ಯೂಟರಿಗೆ ವಾಟ್ಸ್ಆ್ಯಪ್ ಮೂಲಕ ಕಳುಹಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಹಾಗೆ ಕಳುಹಿಸಿದ ಫೈಲಿನಲ್ಲಿ ಫೋಟೊ ತೆಗೆದ ಸ್ಥಳದ ವಿವರವೂ ಉಳಿದಿರಬಹುದಾದ್ದರಿಂದ, ಮನೆಯಿಂದಲೇ ಮಾರುವ ನೀವು ಕ್ಯಾಮೆರಾದ ಸೆಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.